ದೀಪಾವಳಿಯವರೆಗೆ ನೀಲವ್ವ

ನೀಲವ್ವನ ಖಾನಾವಳಿಯಲ್ಲಿ ವಾದ ಗೆದ್ದವನಿಗೆ ರೊಟ್ಟಿ ತಡವಾಗಿ ಬರುತ್ತಿತ್ತು. ನಾವು ಹುಡುಗರು ಸಾಲಾಗಿ ಕೂತು ಸ್ವರಾಜ್ಯದಿಂದ ಹಿಡಿದು ದೆವ್ವದವರೆಗೆ ಎಲ್ಲದರ ಮೇಲೂ ಹಟಕ್ಕೆ ಬಿದ್ದು ಮಾತಾಡುತ್ತಿದ್ದೆವು. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನಮ್ಮ ಕಡೆ ಬೆನ್ನು ಮಾಡಿಯೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹೆಂಚಿನಿಂದ ಇಳಿದ ಬಿಸಿ ರೊಟ್ಟಿ ಮಾತ್ರ ಸೋತವನ ತಾಟಿಗೇ ಹೋಗಿ ಬೀಳುತ್ತಿತ್ತು. ಇದು ಅನ್ಯಾಯವೆಂದು ನಾನೊಮ್ಮೆ ತಕರಾರು ತೆಗೆದೆ.

“ಗೆದ್ದಾಂವನ ಹೊಟ್ಟಿ ಮಾತಿನಿಂದನ ಅರ್ಧಾ ತುಂಬಿರ್ತದ. ಸೋತಾಂವ ಹಸದಿರ್ತಾನ. ಮೊದಲ ಅವನಿಗಿ ಹಾಕಬೇಕಲ್ಲೋ ತಮ್ಮಾ?” ಎಂದಳು.

ಕಾಲೇಜಿನ ವಾದಸಭೆಯಲ್ಲಿ ಯಾರಿಗೂ ಸೋಲದ ನಾನು ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಪಕ್ಕದವನು ಎರಡನೆಯ ರೊಟ್ಟಿ ಮುರಿದಿದ್ದ.

ಜನ ಈಗೀಗ ಶಿವಾಜಿನಗರ ಎನ್ನಲು ಕಲಿಯುತ್ತಿರುವ ಪುಣೆಯ ಭಾಂಬುರ್ಡೆಯಲ್ಲಿ, ರೇಲ್ವೆ ಹಳಿಯ ಈಚೆಗಿನ ಒಂದು ಗಲ್ಲಿಯಲ್ಲಿ ಅವಳ ಮನೆ. ವಿಜಾಪುರದ ಕಡೆಯವಳು. ಗಂಡ ಖಡಕಿಯ ಕಾರಖಾನೆಯಲ್ಲಿ ಕೆಲಸಕ್ಕಿದ್ದವನು, ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಊರಿಗೆ ಬಾ ಎಂದು ತಮ್ಮಂದಿರು ಕರೆದರೆ, “ಅಲ್ಲಿ ಬಂದು ನಿಮ್ಮ ಹೆಂಡಂದಿರ ಕೈ ನೋಡ್ಕೋತ ಕೂಡಬೇಕೇನು?” ಎಂದು ಅವರನ್ನೇ ಊಟಕ್ಕೆ ಕೂರಿಸಿ ಕಳಿಸಿದಳಂತೆ. ಮಂಡಿಯಲ್ಲಿ ಬದನೆಕಾಯಿ ಆರಿಸುವಾಗ ಮರಾಠಿ ಮಾತಾಡುತ್ತಿದ್ದಳು; ಸಿಟ್ಟು ಬಂದರೆ ಕನ್ನಡ. ಕಾಯಿಪಲ್ಲೆಯವರಿಗೆ ಅವಳ ಕನ್ನಡದ ಅರ್ಥ ಬೇಕಿರಲಿಲ್ಲ, ಧ್ವನಿ ಸಾಕಾಗುತ್ತಿತ್ತು.

ಅವಳದೊಂದು ಕಟ್ಟಳೆಯಿತ್ತು. ಜೂನ್ ತಿಂಗಳಲ್ಲಿ ಒಪ್ಪಿಕೊಂಡ ಹುಡುಗನಿಗೆ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಅವಳೇ ಊಟ ಹಾಕಬೇಕು. ನಡುವೆ ಬಿಡುವಂತಿಲ್ಲ, ನಡುವೆ ಸೇರಿಸಿಕೊಳ್ಳುವಂತಿಲ್ಲ. ಒಬ್ಬ ದೇಸಾಯರ ಮನೆತನದ ಹುಡುಗ ಬೇರೆ ಕಡೆ ಜಗಳ ಮಾಡಿಕೊಂಡು ಚಳಿಗಾಲದಲ್ಲಿ ಬಂದು ಬಾಗಿಲಲ್ಲಿ ನಿಂತಾಗ, “ಅರ್ಧಾ ವರ್ಷ ಮತ್ತೊಬ್ಬರ ಅನ್ನಾ ಉಂಡು ಬಂದೀದಿ. ನಾಳಿ ನೀ ನಪಾಸಾದ್ರ ಯಾರ ಅಡಗಿ ಕೆಟ್ಟದ್ದಂತ ತಿಳೀಬೇಕು?” ಎಂದು ಹೊರಗೆ ಅಟ್ಟಿದಳು. ನಾವು ಪಾಸಾದರೆ ಅರ್ಧ ಪಾಲು ತನ್ನದೆಂದು ಅವಳು ಮನಸ್ಸಿನಿಂದಲೇ ನಂಬಿದ್ದಳು. ಫಲಿತಾಂಶದ ದಿನ ನಮ್ಮ ಅಪ್ಪಂದಿರಿಗಿಂತ ಮೊದಲು ಅವಳಿಗೆ ಹೇಳಬೇಕಿತ್ತು.

ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಆ ವರ್ಷ ಶಿವರಾತ್ರಿಗೆ ಹೊಸ ಶಿವದಾರ ಹಾಕಿಕೊಂಡಿದ್ದಳು. ಬೇಸಿಗೆ ಏರುವಷ್ಟರಲ್ಲಿ ಅದು ಕುತ್ತಿಗೆಗೆ ಒತ್ತತೊಡಗಿತು. ದಾರವೇ ಕುಗ್ಗಿತೆಂದು ಬಗೆದು ಮಾರಿದವನನ್ನು ಬೈದು, ಬಿಚ್ಚಿ ಸಡಿಲಾಗಿ ಕಟ್ಟಿಕೊಂಡಳು. ಮತ್ತೆ ಬಿಗಿಯಾಯಿತು. ಅಷ್ಟರಲ್ಲಿ ಗಲ್ಲಿಯ ತುದಿಗೆ ಕೇಳುತ್ತಿದ್ದ ಧ್ವನಿ ಒಡೆದು, ನಮ್ಮನ್ನು ಊಟಕ್ಕೆ ಕರೆಯಲು ತಾಟು ಬಡಿಯತೊಡಗಿದ್ದಳು. ಸೆರಗು ಸರಿದಾಗೊಮ್ಮೆ ಗಂಟಲ ಬುಡದಲ್ಲಿ ಗಡ್ಡೆ ನೋಡಿದೆ. ರಜೆಗೆ ಊರಿಗೆ ಹೋಗದೆ ಉಳಿದವನು ನಾನೊಬ್ಬನೇ. ನಾನೇ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ.

ಡಾಕ್ಟರು ಬೆಳಗಾವಿಯವರು, ಸಾವಧಾನದ ಮನುಷ್ಯ. ಪರೀಕ್ಷಿಸಲು ಮುಂದಾದಾಗ ನೀಲವ್ವ ಕರಡಿಗೆಯ ಮೇಲೆ ಕೈಯಿಟ್ಟು, “ಇದನ್ನ ಮಾತ್ರ ತಗಿ ಅನಬ್ಯಾಡ್ರಿ,” ಎಂದಳು.

“ಅನ್ನೂದಿಲ್ರಿ ನೀಲವ್ವಾರ. ನಮ್ಮ ಮನ್ಯಾಗೂ ಯಾರೂ ತಗಿಯೂದಿಲ್ಲ. ಒಂದು ಗುಟುಕು ನೀರು ನುಂಗ್ರಿ.”

ಅವಳು ನುಂಗಿದಳು. ಡಾಕ್ಟರರ ಬೆರಳು ಗಡ್ಡೆಯ ಮೇಲಿತ್ತು. ಇನ್ನೊಂದು ಗುಟುಕು ನುಂಗಿಸಿದರು. ನುಂಗುವಾಗ ಗಡ್ಡೆ ಮೇಲೆದ್ದು ಇಳಿಯಬೇಕಂತೆ, ಅದು ಕದಲಲಿಲ್ಲ. ಎಷ್ಟು ದಿನದಿಂದ ಬೆಳೆದಿದೆ ಎಂದು ಕೇಳಿದಾಗ ಅವಳು ಶಿವದಾರದ ಕಥೆ ಹೇಳಿದಳು, ಮಾರಿದವನನ್ನು ಇನ್ನೊಮ್ಮೆ ಬೈದಳು. ಡಾಕ್ಟರು ನಗಲಿಲ್ಲ. ನನ್ನನ್ನು ಹೊರಗೆ ಕರೆಯಲು ಕಣ್ಸನ್ನೆ ಮಾಡಿದರು.

“ಅಂವನ್ನ ಯಾಕ ಕರೀತೀರಿ? ಕೊರಳು ನಂದು. ನನ್ನ ಮುಂದ ಹೇಳ್ರಿ.”

ಹೇಳಿದರು. ಕ್ಯಾನ್ಸರು. ಗಂಟಲ ಗ್ರಂಥಿಯಲ್ಲಿ ಹುಟ್ಟಿ ಉಸಿರಿನ ಕೊಳವೆಗೆ ಅಂಟಿಕೊಂಡುಬಿಟ್ಟಿದೆ, ಮುಂಬಯಿಗೆ ಕಳಿಸಿದರೂ ಕೊಯ್ದು ತೆಗೆಯುವ ಹಂತ ದಾಟಿದೆ. ನೀಲವ್ವ ಸೆರಗಿನ ಅಂಚು ತಿದ್ದಿಕೊಂಡಳು.

“ಜೂನ್ ಬಂತು, ಸಾಹೇಬ್ರ. ಹುಡುಗರು ಬರ್ತಾರ. ಮಾರ್ಚಿನ ಪರೀಕ್ಷಾತನಾ ಇರ್ತೀನೇನು? ಇರ್ತೀನಂದ್ರ ತೊಗೋತೀನಿ. ಇಲ್ಲಂದ್ರ ನಡು ನೀರಾಗ ಕೈ ಬಿಟ್ಟಂಗ ಆಗ್ತದ.”

“ದೀಪಾವಳಿ ನೋಡಬಹುದ್ರಿ. ಅದರ ಆಚೀಕ ನಾ ಹೇಳಲಾರೆ.”

ಮರುದಿನ ನಾನೊಬ್ಬನೇ ಹೋಗಿ ಅವರ ಮೇಜಿನ ಮುಂದೆ ಕೂತೆ. ಇಂಥ ರೋಗಿಗಳನ್ನು ಎಷ್ಟು ಮಂದಿ ನೋಡಿದ್ದೀರಿ ಎಂದು ಕೇಳಿದೆ. ಎಣಿಸಲು ಕೈಬೆರಳು ಸಾಕು ಎಂದರು. ಅವರೆಲ್ಲ ನೀವು ಹೇಳಿದ ಹೊತ್ತಿಗೇ ಹೋದರೇ? ಇಲ್ಲ, ಒಬ್ಬ ಮಳೆಗಾಲವನ್ನೂ ಕಾಣಲಿಲ್ಲ, ಹೂ ಮಾರುವ ಒಬ್ಬ ಹುಡುಗಿ ಕುತ್ತಿಗೆ ತುಂಬ ಗಂಟಿದ್ದರೂ ಇಂದಿಗೂ ಹೂ ಮಾರುತ್ತಾಳೆ. ಹಾಗಿದ್ದರೆ ನಿಮ್ಮ ದೀಪಾವಳಿ ಶಾಸ್ತ್ರವಲ್ಲ, ಊಹೆ. ಜೋಯಿಸರಿಗೂ ನಿಮಗೂ ಏನು ವ್ಯತ್ಯಾಸ ಎಂದೆ.

ಡಾಕ್ಟರು ಕನ್ನಡಕ ಒರೆಸಿದರು. “ಆ ಹುಡುಗಿ ಸಣ್ಣಾಕಿ. ಗಂಟು ನೀರಿನ ಜೋಡಿ ಆಡ್ತಿತ್ತು, ಬೆಳ್ಯಾಕ ವರ್ಷಗಟ್ಟಲೆ ತೊಗೊಂಡಿತ್ತು, ಧ್ವನಿ ನೆಟ್ಟಗಿತ್ತು. ಅವ್ವಾರಿಗೆ ವಯಸ್ಸಾಗೇದ, ಗಡ್ಡಿ ಅಂಟ್ಯದ, ನೋಡನೋಡೂದ್ರಾಗ ಬೆಳದದ, ಧ್ವನಿ ಹೋಗೇದ. ಈ ನಾಲ್ಕೂ ಕೂಡಿದಾಗ ಭಾಳ ದಿನ ಉಳಿದವರನ್ನ ನಾ ಕಂಡಿಲ್ಲ. ನೀ ವಾದ ಮಾಡಿ ಈ ನಾಲ್ಕರಾಗ ಒಂದನ್ನ ತಗದು ಹಾಕು, ನಾ ಅವರ ದಿನಾ ಹೆಚ್ಚಿಗಿ ಮಾಡ್ತೀನಿ.”

ನನ್ನಿಂದ ಆಗಲಿಲ್ಲ. ಆದರೂ ಬೆರಳೆಣಿಕೆಯ ಮಂದಿಯನ್ನು ನೋಡಿ ನಿಯಮ ಮಾಡಲು ಬರುವುದಿಲ್ಲ ಎಂದು ಪಟ್ಟು ಹಿಡಿದೆ. “ಅದು ಖರೇ,” ಎಂದು ಅವರು ಒಪ್ಪಿಕೊಂಡುಬಿಟ್ಟರು. ಗೆದ್ದ ಉಮೇದಿನಲ್ಲಿ ಓಡಿ ಬಂದು ನೀಲವ್ವನಿಗೆ ಹೇಳಿದೆ: ದೀಪಾವಳಿಯ ಮಾತಿಗೆ ಆಧಾರವಿಲ್ಲ, ಡಾಕ್ಟರೇ ಒಪ್ಪಿದ್ದಾರೆ.

ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. “ಅಂದ್ರ ಮಾರ್ಚಿತನಾ ಇರ್ತೀನಂತಿಯೇನು?”

“ಹಂಗೂ ಹೇಳಾಕ ಬರೂದಿಲ್ಲ, ಅವ್ವಾ.”

“ಸಾಯೋದು ಯಾವಾಗಂತ?”

“ಅದೂ ಹೇಳಾಕ ಬರೂದಿಲ್ಲ.”

“ಚಲೋ ಮಾಡಿದಿ. ಪಾಪ, ಆ ಮನಿಷಾ ನನಗ ದೀಪಾವಳಿ ಅಂತ ಒಂದು ಗಡುವಾದ್ರೂ ಕೊಟ್ಟಿದ್ದ. ನೀ ಹೋಗಿ ಅದನ್ನೂ ಕಸಗೊಂಡು ಬಂದಿ.”

ಬೈಯುವ ದನಿಯಲ್ಲಿ ಹೇಳಲಿಲ್ಲ. ನನ್ನ ವಾದ ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ಬಾಗಿಲಿಗೆ ಬರುವ ಹುಡುಗರಿಗೆ ಅವಳು ಏನಾದರೊಂದು ಹೇಳಲೇಬೇಕಿತ್ತು. ಸರಿಯಾದ ವಾದ ಅವಳ ಆ ಕೆಲಸಕ್ಕೆ ಬರಲಿಲ್ಲ; ಡಾಕ್ಟರರ ಅಂದಾಜು ಬಂತು.

ಮಗನನ್ನು ಕರೆತಂದ ಪ್ರತಿಯೊಬ್ಬ ತಂದೆಯ ಮುಂದೆಯೂ ಅವಳು ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. “ನೋಡ್ಕೋರಿ. ದೀಪಾವಳಿ ಸೂಟಿತನಾ ನನ್ನ ಮಾತು. ಅದರ ಮುಂದಿಂದು ನನ್ನ ಕೈಯಾಗಿಲ್ಲ.” ಕೆಲವರು ಬಟ್ಟೆಗಂಟು ಎತ್ತಿಕೊಂಡು ಹೋದರು. ಅವರನ್ನು ತಡೆಯಹೋದ ನನಗೆ, “ಬಿಡೋ, ಅವರ ಮಕ್ಕಳ ಹೊಟ್ಟಿ ಅವರಿಗೆ ಚಿಂತಿ,” ಎಂದಳು. ಹಳಬರು ಒಬ್ಬರೂ ಕದಲಲಿಲ್ಲ.

ಮಳೆಗಾಲ ಕಳೆಯುವಾಗ ಅವಳಿಗೆ ರೊಟ್ಟಿ ನುಂಗಲು ಆಗುತ್ತಿರಲಿಲ್ಲ. ನಮಗೆ ಬಡಿದು ಹಾಕಿ ತಾನು ಅಂಬಲಿ ಕುಡಿಯುತ್ತಿದ್ದಳು. ಕುತ್ತಿಗೆಗೆ ಸೆರಗು ಸುತ್ತಿಕೊಂಡು ಪುಣೆಯ ಕನ್ನಡದ ಮನೆಗಳನ್ನು ಒಂದೊಂದಾಗಿ ಅಲೆದಳು. ದೀಪಾವಳಿಯಾದ ಮೇಲೆ ಯಾವ ಹುಡುಗ ಎಲ್ಲಿ ಉಣ್ಣಬೇಕೆಂದು ಗೊತ್ತುಮಾಡಲು. ಖಾರ ತಿನ್ನುವವನನ್ನು ಖಾರದ ಮನೆಗೆ ಹೊಂದಿಸಿದಳು, ಬೇಗ ಏಳದವನನ್ನು ತಡವಾಗಿ ಒಲೆ ಹಚ್ಚುವ ಮನೆಗೆ. ಎಲ್ಲರಿಗೂ ಒಂದೊಂದು ಮನೆ ಸಿಕ್ಕಿತು, ನನಗೊಬ್ಬನಿಗೆ ಸಿಗಲಿಲ್ಲ.

“ನಿನ್ನ ಹೆಸರು ಎತ್ತಿದರ ಸಾಕು, ‘ಆ ಜಗಳಗಂಟನ? ಒಲ್ಲೆವ್ರಿ’ ಅಂತಾರ,” ಎಂದು ಪಿಸುದನಿಯಲ್ಲೇ ನಕ್ಕಳು. ಆ ಹೊತ್ತಿಗೆ ಪಿಸುದನಿಯಷ್ಟೇ ಉಳಿದಿತ್ತು.

ದೀಪಾವಳಿ ಬಂತು, ನೀಲವ್ವ ಇದ್ದಳು. ಡಾಕ್ಟರು ಮನೆಗೇ ಬಂದು ನೋಡಿ ಹೋದರು. ಹುಡುಗರೆಲ್ಲ ರಜೆ ಮುಗಿಸಿ ಬಂದು ಅವಳ ಕಾಲು ಮುಟ್ಟಿ, ಗೊತ್ತುಮಾಡಿದ ಮನೆಗಳಿಗೆ ಚದುರಿದರು. ನಾನು ಅಲ್ಲೇ ಉಳಿದು ಅಂಬಲಿ ಕಾಸಲು ಕಲಿತೆ. ಗಂಟಾದರೆ ಅವಳು ಚಮಚೆ ದೂಡುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಉಸಿರು ಸದ್ದು ಮಾಡತೊಡಗಿತು, ದಿಂಬಿಗೆ ಆತು ಕೂತೇ ಇರುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಮುಂಗೈ ಹಿಡಿದಳು.

“ನಿನ್ನ ಪರೀಕ್ಷಾತನಾ ಇರ್ತೀನೇನೋ?”

“ಇರ್ತಿ, ಅವ್ವಾ.”

ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು. “ಡಾಕ್ಟರಿಗೆ ಕೇಳಿದಿಯೇನು?”

“ಇಲ್ಲ.”

“ಮತ್ತ ಹ್ಯಾಂಗ ಗೊತ್ತು?”

“ಗೊತ್ತಿಲ್ಲ. ಇರ್ತಿ.”

ಹಿಡಿದ ಕೈ ಬಿಡದೆಯೇ, “ಹಂಗಾದ್ರ ಓದ್ಕೋ ಹೋಗು. ಇಲ್ಲೇನು ಕೂತಿ,” ಎಂದಳು. ನಾನು ಪುಸ್ತಕ ತಂದು ಅಲ್ಲೇ ಕೂತೆ.

ಪರೀಕ್ಷೆ ಹತ್ತಿರವಾಗುವ ಮೊದಲೇ ಅವಳು ಹೋದಳು. ತಮ್ಮಂದಿರು ಬಂದು ಮಣ್ಣು ಮಾಡಿದರು. ಮಣ್ಣು ಮುಗಿಸಿ ಮರಳುವಾಗ ಡಾಕ್ಟರು ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು.

“ನಾ ದೀಪಾವಳಿ ಅಂದಿದ್ದೆ,” ಎಂದರು.

“ನಾ ಪರೀಕ್ಷಾ ಅಂದಿದ್ದೆ.”

“ಇಬ್ಬರದೂ ತಪ್ಪಿತು.” ನಾನು ಗಲ್ಲಿಯ ಕಡೆ ತಿರುಗಿದಾಗ ಅವರು ತೋಳು ಹಿಡಿದರು. “ಆ ಕಡೆ ಅಲ್ಲ. ನಡಿ, ನಮ್ಮ ಮನಿಗೆ. ಪರೀಕ್ಷಾ ಮುಗಿಯೂತನಾ ನಿನ್ನ ಊಟ ನಮ್ಮಲ್ಲೆ. ದೀಪಾವಳಿಗೆ ನೋಡಾಕ ಬಂದಾಗನ ಅವ್ವಾರು ಗೊತ್ತು ಮಾಡ್ಯಾರ. ‘ನಿಮ್ಮ ಜೋಡಿ ಒಮ್ಮಿ ಜಗಳಾಡ್ಯಾನ, ನೀವು ಸಿಟ್ಟಾಗಲಿಲ್ಲ. ಈ ಊರಾಗ ಅವನಿಗಿ ಉಣ್ಣಾಕ ಹಾಕವ್ರು ನೀವೊಬ್ಬರ’ ಅಂದ್ರು.”

ಅವರ ಮನೆಯಲ್ಲಿ ಅಂದು ಅನ್ನ ಸಾರು ಮಾಡಿದ್ದರು. ಡಾಕ್ಟರರ ಹೆಂಡತಿ ಬಡಿಸುತ್ತ, ಸಾಕೇ ಎಂದು ಕೇಳಿದರು. ನಾನು ತಾಟು ಮುಂದೆ ಸರಿಸಿದೆ. ಮಾರ್ಚಿನ ಕೊನೆಯ ಪತ್ರಿಕೆ ಬರೆದು ಬಂದ ದಿನವೂ ಅಲ್ಲೇ ಉಂಡೆ.