ಇಬ್ಬರು ಸೇರಿ ನೋಡಿದ ಕಾರು

ಪಿರಿಯಾಪಟ್ಟಣದಲ್ಲಿ ನನ್ನದು ವಾಹನಗಳ ವೈರಿಂಗ್, ಬ್ಯಾಟರಿ ಕೆಲಸದ ಸಣ್ಣ ಅಂಗಡಿ. ರಸ್ತೆಯ ಎದುರು ಬದಿಗೆ ಅದೇ ಕೆಲಸದ ಇನ್ನೊಂದು ಅಂಗಡಿ ಇದೆ. ಅದರ ಯಜಮಾನನೂ ನಾನೂ ಹುಣಸೂರಿನ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಆಮೇಲೆ ಒಂದು ಟ್ರ್ಯಾಕ್ಟರಿನ ವೈರಿಂಗ್ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಇಬ್ಬರೂ ಮಾತು ಬಿಟ್ಟೆವು. ಜಗಳ ಹಳೆಯದಾದರೂ ಮಾತಾಡದಿರುವುದು ಅಭ್ಯಾಸವಾಗಿಬಿಟ್ಟಿತ್ತು.

ಹೋದ ವರ್ಷ ಬೆಟ್ಟದಪುರದ ಕಡೆಯ ಹೆಂಗಸೊಬ್ಬರು ತಮ್ಮ ಕಾರು ತಂದರು. ಅವರ ಗಂಡನಿಗೆ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಹುಣಸೂರಿನಲ್ಲಿ ಡಯಾಲಿಸಿಸ್. ಬಾಡಿಗೆ ಕಾರುಗಳು ಹೇಳಿದ ಹೊತ್ತಿಗೆ ಸಿಗುವುದಿಲ್ಲವೆಂದು, ಐವತ್ತು ದಾಟಿದ ಮೇಲೆ ತಾವೇ ಡ್ರೈವಿಂಗ್ ಕಲಿತಿದ್ದರು. ಹೊಗೆಸೊಪ್ಪಿನ ಬೇಸಾಯವೂ ಅವರ ತಲೆ ಮೇಲೆಯೇ ಇತ್ತು.

ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂಬುದು ಅವರ ದೂರು. ಬ್ಯಾಟರಿ ಹಳೆಯದಾಗಿತ್ತು, ಬದಲಾಯಿಸಿ ಕಳಿಸಿದೆ. ಕೆಲವು ದಿನ ಸರಿಯಿದ್ದು ಮತ್ತೆ ಅದೇ ಕಥೆ. ಅವರು ಎದುರಿನ ಅಂಗಡಿಗೆ ಹೋದರು. ಮ್ಯೂಸಿಕ್ ಸಿಸ್ಟಮ್ಮೇ ಕರೆಂಟು ಎಳೆಯುತ್ತಿದೆ ಎಂದು ಅವನು ಅದರ ವೈರು ಕಿತ್ತನಂತೆ. ಅದರಿಂದಲೂ ಏನೂ ಆಗಲಿಲ್ಲ. ಅವರು ಇಲ್ಲಿಗೆ ಬಂದಾಗ ನಾನು ಅವನ ಕೆಲಸ ಆಡಿಕೊಂಡೆ. ಅಲ್ಲಿಗೆ ಹೋದಾಗ ಅವನು ನನ್ನ ಕೆಲಸ ಆಡಿಕೊಂಡ.

ಹೀಗಿರುವಾಗ ಒಂದು ದಿನ ಕಾರು ಕೈಕೊಟ್ಟು ಡಯಾಲಿಸಿಸ್ ತಪ್ಪಿತು. ಗಂಡನಿಗೆ ಉಸಿರು ಕಟ್ಟಿದಂತಾಗಿ ಸಂಜೆ ಆಂಬುಲೆನ್ಸಿನಲ್ಲಿ ಕರೆದೊಯ್ಯಬೇಕಾಯಿತು. ಅವರು ಚೇತರಿಸಿಕೊಂಡ ಮೇಲೆ ಈಕೆ ಒಂದು ಸಂಜೆ ಕಾರನ್ನು ನನ್ನ ಅಂಗಡಿ ಮುಂದೆ ನಿಲ್ಲಿಸಿ ಹೋದರು. ಮರುದಿನ ಬಸ್ಸಿನಲ್ಲಿ ಬಂದವರು ನೇರವಾಗಿ ಎದುರಿನ ಅಂಗಡಿಗೆ ಹೋಗಿ, ಅವನನ್ನೂ ಕರೆದುಕೊಂಡೇ ಬಂದರು.

"ಇವತ್ತು ನೀವಿಬ್ರೂ ಒಟ್ಗೆ ನಿಂತು ನೋಡ್ರಪ್ಪ. ಒಬ್ರನ್ನೊಬ್ರು ಬಯ್ಯೋದ ಆಮೇಲೆ ಇಟ್ಕಳಿ," ಎಂದು ಸ್ಟೂಲಿನ ಮೇಲೆ ಕೂತರು. ದನಿ ಏರಿಸಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ.

ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ನಡುವೆ ಮೀಟರ್ ಸೇರಿಸಿದೆ. ಬಾಗಿಲು ಮುಚ್ಚಿ, ಚಾವಿ ತೆಗೆದು, ಸ್ವಲ್ಪ ಹೊತ್ತು ಕಾದೆವು. ನಿಂತ ಕಾರಿಗೆ ಗಡಿಯಾರಕ್ಕೂ ಲಾಕಿಗೂ ಇಷ್ಟೇ ಇಷ್ಟು ಕರೆಂಟು ಸಾಕು. ಮೀಟರ್ ಅದರ ಎಷ್ಟೋ ಪಟ್ಟು ತೋರಿಸುತ್ತಿತ್ತು. ಅವನು ಒಳಗೆ ಬಗ್ಗಿ ಫ್ಯೂಸುಗಳನ್ನು ಒಂದೊಂದಾಗಿ ಕೀಳತೊಡಗಿದ. ಯಾವ ಫ್ಯೂಸ್ ತೆಗೆದಾಗ ಮೀಟರ್ ಇಳಿಯುತ್ತದೋ ಆ ದಾರಿಯಲ್ಲಿ ದೋಷ. ಕೀಳುವವನಿಗೆ ಮೀಟರ್ ಕಾಣುವುದಿಲ್ಲ, ಹಾಗಾಗಿ ನಾನು ಬಾಯಿ ಬಿಡಲೇಬೇಕಾಯಿತು.

"ಇಳೀಲಿಲ್ಲ," ಎಂದೆ. ಮತ್ತೊಂದಕ್ಕೂ ಅದೇ, ಮಗದೊಂದಕ್ಕೂ ಅದೇ. ಫ್ಯೂಸೆಲ್ಲ ಮುಗಿದರೂ ಮೀಟರ್ ಜಗ್ಗಲಿಲ್ಲ.

ಅವನು ಬಾನೆಟ್ ಕಡೆ ಬಂದು ಆಲ್ಟರ್ನೇಟರಿನ ಮೇಲೆ ಕೈಯಿಟ್ಟ. ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವುದು ಅದೇ.

"ಲೇ, ಇಲ್ಲಿ ಮುಟ್ಟು," ಎಂದ.

ರಾತ್ರಿಯಿಡೀ ನಿಂತಿದ್ದ ಕಾರು, ಇಂಜಿನ್ ತಣ್ಣಗಿತ್ತು. ಆಲ್ಟರ್ನೇಟರ್ ಮಾತ್ರ ಬೆಚ್ಚಗಿತ್ತು. ಕರೆಂಟು ಬ್ಯಾಟರಿಯಿಂದ ಹಿಂದಕ್ಕೆ ಹರಿಯದಂತೆ ತಡೆಯಲು ಅದರೊಳಗೆ ಡಯೋಡುಗಳಿರುತ್ತವೆ; ಅವು ಕೆಟ್ಟರೆ ನಿಂತ ಕಾರಿನಲ್ಲೂ ಕರೆಂಟು ಸೋರಿ ಅದು ಬಿಸಿಯಾಗುತ್ತದೆ.

"ಡಯೋಡ್ ಹೋಗ್ಯದೆ ಕಣ್ಲಾ," ಎಂದೆ. ಎಷ್ಟೋ ವರ್ಷದ ಮೇಲೆ ಅವನೊಡನೆ ಹಳೆಯ ಸಲಿಗೆಯಲ್ಲಿ ಆಡಿದ ಮೊದಲ ಮಾತು ಎಂಬುದು ಆಡಿದ ಮೇಲೆ ಹೊಳೆಯಿತು. ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರು ತೆಗೆದು ಮತ್ತೆ ಮೀಟರ್ ಹಾಕಿದಾಗ ಕರೆಂಟು ಸೋರುವುದು ನಿಂತಿತ್ತು.

ಡಯೋಡಿನ ಪ್ಲೇಟು ತರಲು ಅವನು ಬೈಕಿನಲ್ಲಿ ಹುಣಸೂರಿಗೆ ಹೋದ. ಅಷ್ಟರಲ್ಲಿ ನಾನು ಆಲ್ಟರ್ನೇಟರ್ ಇಳಿಸಿ ಬಿಚ್ಚಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಹೊಸ ಪ್ಲೇಟು ಹಾಕಿ, ಬ್ಯಾಟರಿ ಚಾರ್ಜ್ ಮಾಡಿ ಕಾರು ಕೊಟ್ಟೆವು. ಆಕೆ ಎರಡು ಸಲ ಸ್ಟಾರ್ಟ್ ಮಾಡಿ ನೋಡಿದರು. ಹೊಗಳಲಿಲ್ಲ, ಬರುತ್ತೇನೆಂದು ಹೊರಟರು.

ಮುಂದಿನ ಡಯಾಲಿಸಿಸ್ ದಿನ ಬೆಳಿಗ್ಗೆಯಿಂದ ನನ್ನ ಗಮನ ಫೋನಿನ ಮೇಲೇ ಇತ್ತು. ಹತ್ತು ಗಂಟೆ ಮೇಲೆ ಅವರು ಆಸ್ಪತ್ರೆಯಿಂದ ಕರೆ ಮಾಡಿ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಯಜಮಾನರನ್ನು ಡಯಾಲಿಸಿಸ್‌ಗೆ ಮಲಗಿಸಿದ್ದಾರೆ ಎಂದರು. ಹೇಳೋಣವೆಂದು ರಸ್ತೆ ದಾಟಿ ಅವನ ಅಂಗಡಿಗೆ ಹೋದೆ.

"ನಂಗೂ ಫೋನ್ ಮಾಡಿದ್ರು," ಎಂದ ಅವನು, ಬೆಂಚಿನ ಮೇಲಿದ್ದ ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡುತ್ತ.