ಬೀಗದೊಳಗಿನ ಕಸಬರಿಗೆ

ಮೇಷ್ಟ್ರಾದ ಮೊದಲ ವರ್ಷವೇ ನಾನು ಶಾಲೆಯ ಕಸಬರಿಗೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದೆ. ಇಷ್ಟು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅದರ ಮುಂದಿನದನ್ನು ನಾನು ಅವರಿಗೆ ಹೇಳಿಲ್ಲ.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಬಳ್ಳಾರಿ ಸೀಮೆ ಇನ್ನೂ ಮದ್ರಾಸಿಗೇ ಸೇರಿತ್ತು. ಬಳ್ಳಾರಿಯಲ್ಲಿ ಟ್ರೈನಿಂಗ್ ಮುಗಿಸಿ, ಇಸ್ತ್ರಿ ಮಾಡಿದ ಖಾದಿ ಜುಬ್ಬ ತೊಟ್ಟು, ಊರನ್ನೇ ತಿದ್ದಿಬಿಡುವವನ ಹಾಗೆ ಸಿರುಗುಪ್ಪದಲ್ಲಿ ಬಸ್ಸಿಳಿದೆ. ಶಾಲೆ ಎಂದರೆ ಉದ್ದನೆಯ ಒಂದು ಕೋಣೆ, ಮಣ್ಣಿನ ನೆಲ, ಒಂದೇ ಬಾಗಿಲು, ನಲವತ್ತು ಮಕ್ಕಳು. ಕೂರುವುದಕ್ಕೆ ಅವರವರೇ ಮನೆಯಿಂದ ಗೋಣಿತಟ್ಟು ತರಬೇಕು.

ಅಲ್ಲಿಯದು ಎರೆಭೂಮಿ. ಎರಡು ಹನಿ ಬಿದ್ದರೆ ಸಾಕು, ಮಣ್ಣು ಪಾದಕ್ಕೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ದಪ್ಪವಾಗುತ್ತ ಹೋಗುತ್ತದೆ. ಮಕ್ಕಳು ಅದನ್ನೆಲ್ಲ ಹೊತ್ತು ತರಗತಿಗೆ ಬರುತ್ತಿದ್ದರು. ಯಾರು ಗುಡಿಸಬೇಕು ಎಂಬುದಕ್ಕೆ ದಿನಾ ಬೆಳಿಗ್ಗೆ ಜಗಳ. "ಇದು ನಂದಲ್ರಿ, ಆತಂದು" ಎಂದು ಒಬ್ಬ, "ನಿನ್ನೆ ನಾನಽ ಗುಡಿಸೀನ್ರಿ" ಎಂದು ಇನ್ನೊಬ್ಬ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಟ್ರೈನಿಂಗಿನಲ್ಲಿ ನಮ್ಮ ಗುರುಗಳೊಬ್ಬರು ಮಕ್ಕಳನ್ನು ಹೊಡೆಯಬೇಡಿ, ಮಾಡಿದ್ದರ ಫಲವನ್ನು ಅವರೇ ಉಣ್ಣಲಿ, ಅದೇ ಪಾಠ ಎನ್ನುತ್ತಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ಒಂದು ದಿನ ಕಸಬರಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, "ಇನ್ನು ಯಾರೂ ಗುಡಿಸುವುದು ಬೇಡ. ತಂದ ಕೆಸರಿನಲ್ಲಿ ತಂದವರೇ ಕೂರಿ. ಸಾಕೆನಿಸಿದ ದಿನ ನಮ್ಮ ಮನೆಗೆ ಬಂದು ಬೀಗದ ಕೈ ಕೇಳಿ" ಎಂದೆ. ಮಕ್ಕಳು ಹಬ್ಬದ ಸುದ್ದಿ ಕೇಳಿದಂತೆ ಹಿಗ್ಗಿದರು.

ಬಾಗಿಲ ಪಕ್ಕದಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಒಂಬತ್ತೋ ಹತ್ತೋ ವರ್ಷ. ಊರಾಚೆಯ ಕೇರಿಯವಳು. ಊರಿನವರು ಮುಟ್ಟಿಸಿಕೊಳ್ಳದ ಜನ ಅವರು. ತಂದೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ನನಗಿಂತ ಮೊದಲಿದ್ದ ಮೇಷ್ಟ್ರು ಅವಳನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸುತ್ತಿದ್ದರಂತೆ. ನಾನು ಒಳಗೆ ಕೂರಿಸಿದೆ, ಹೊಸ್ತಿಲಿನಿಂದ ಒಂದು ಮೊಳ ಒಳಗೆ. ಆ ಒಂದು ಮೊಳವನ್ನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ, ನೆನೆದರೆ ನಾಚಿಕೆಯಾಗುತ್ತದೆ.

ಅವಳು ಲೆಕ್ಕದಲ್ಲಿ ಚುರುಕು. ನಾನು ಪ್ರಶ್ನೆ ಮುಗಿಸುವುದರೊಳಗೆ ಹಲಗೆ ಎತ್ತಿ ತೋರಿಸುತ್ತಿದ್ದಳು. ಶಾಲೆ ಶುರುವಾದ ತಿಂಗಳಲ್ಲೇ ಅವಳ ತಂದೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿದ್ದ. ಆ ಕಡೆ ಮೇಷ್ಟ್ರನ್ನು ಅಯ್ಯೋರು ಎನ್ನುತ್ತಿದ್ದರು.

"ಅಯ್ಯೋರ, ಸಾವಕಾರ್ರ ಮನಿಯಾಗ ಅಂಗಳ ಗುಡಿಸಾಕ ಈಕಿನ್ನ ಕಳಿಸು ಅಂತಾರ್ರಿ. ನಾ ಒಲ್ಲೆ ಅಂದೀನಿ. ಕಸಬರಿಗಿ ಹಿಡದು ಹಿಡದು ನಮ್ಮವ್ವ ಸತ್ಲು. ಈಕಿ ಕೈಯಾಗ ಬಳಪ ಇರ್ಲಿ. ನೀವು ನೋಡಿಕೋರಿ."

"ನೋಡಿಕೊಳ್ಳುತ್ತೇನೆ" ಎಂದೆ. ಎಷ್ಟು ಸಲೀಸಾಗಿ ಅಂದೆ.

ಬೀಗ ಹಾಕಿದ ವಾರ ಮಳೆ ಬಿಡಲಿಲ್ಲ. ನಲವತ್ತು ಮಕ್ಕಳಿಗೂ ಒಂದೇ ಬಾಗಿಲು. ಎಲ್ಲರೂ ಹೊಸ್ತಿಲಿಗೆ ಪಾದ ಒರೆಸಿ, ಉಳಿದದ್ದನ್ನು ಒಳಗೆ ಕೊಡವಿ, ದಾಟಿ ಹೋಗುತ್ತಿದ್ದರು. ಗೋಡೆಯ ಕಡೆ ಕೂರುವ ಹೊತ್ತಿಗೆ ಅವರ ಕಾಲು ಹೆಚ್ಚುಕಡಿಮೆ ಸ್ವಚ್ಛವಾಗಿರುತ್ತಿತ್ತು. ಮೂರನೆಯ ದಿನಕ್ಕೆ ಬಾಗಿಲ ಬಳಿ ಕೆಸರು ಗುಡ್ಡೆಗಟ್ಟಿತು. ಹುಡುಗಿ ಗೋಣಿತಟ್ಟನ್ನು ಎರಡು ಮಡಿಕೆ ಮಾಡಿ, ಮಂಡಿ ಮೇಲೆತ್ತಿ, ಪುಸ್ತಕವನ್ನು ಎದೆಗವಚಿಕೊಂಡು ಕೂರುತ್ತಿದ್ದಳು. ತಂದವರೇ ಕೂರಿ ಎಂದಿದ್ದೆನಲ್ಲ, ತಂದವರು ನಲವತ್ತು ಜನ, ಕೂತವಳು ಒಬ್ಬಳು. ಇದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿತ್ತು. ಆದರೆ ಯಾರೂ ಬೀಗದ ಕೈ ಕೇಳಲು ಬಂದಿರಲಿಲ್ಲ, ನಾನೇ ತೆಗೆದರೆ ನಾನು ಸೋತಂತೆ. ಹತ್ತು ವರ್ಷದ ಮಕ್ಕಳ ಜೊತೆ ಹಟಕ್ಕೆ ಬಿದ್ದಿದ್ದೆ.

ಐದನೆಯ ದಿನ ಬೇಗ ಹೋದೆ. ಬಾಗಿಲ ಬಳಿಯ ಕೆಸರು ಮುಕ್ಕಾಲು ಇರಲಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಕೆಸರು ಬಾಚಿ, ಒಡೆದ ಬುಟ್ಟಿಯೊಂದರಲ್ಲಿ ತುಂಬುತ್ತಿದ್ದಳು.

"ಬೀಗದ ಕೈ ಕೇಳಬಾರದಿತ್ತೇನೇ?" ಎಂದೆ.

"ಬಂದಿದ್ನಿರಿ. ಎಲ್ಡು ದಿನ ಬಂದಿದ್ನಿ. ಅಮ್ಮಾರು ಕಟ್ಟಿ ಹತ್ತಿರ ನಿಂದ್ರಬ್ಯಾಡ, ಹೋಗು ಅಂದ್ರು."

ಅಮ್ಮಾರು ಎಂದರೆ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ. ನಲವತ್ತು ಮಕ್ಕಳಲ್ಲಿ ಬೀಗದ ಕೈ ಕೇಳಲು ಬಂದವಳು ಇವಳೊಬ್ಬಳೇ, ಅದನ್ನು ಕೇಳಲಾಗದವಳೂ ಇವಳೊಬ್ಬಳೇ. ನನ್ನ ಯೋಜನೆಯ ಹುಳುಕು ಅಷ್ಟು ಹೊತ್ತಿಗಾದರೂ ತಿಳಿಯಬೇಕಿತ್ತು. ನನಗೆ ತಿಳಿದದ್ದೇ ಬೇರೆ. ಅಂತೂ ಪಾಠ ಒಬ್ಬರಿಗಾದರೂ ಹತ್ತಿತಲ್ಲ ಎಂದು ಉಬ್ಬಿಹೋದೆ.

ಗಂಟೆಯಾದ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದೆ. ನಮ್ಮ ಕೋಣೆ ನಮ್ಮದು ಎಂದು ತಿಳಿದವಳು ಇವಳೊಬ್ಬಳು, ನೋಡಿ ಕಲಿಯಿರಿ ಎಂದೆ. ಕಪಾಟು ತೆಗೆದು ಕಸಬರಿಗೆಯನ್ನು ಬಹುಮಾನ ಕೊಡುವವನಂತೆ ಅವಳ ಕೈಗಿತ್ತೆ. ಬೀಗದ ಕೈಯನ್ನೂ ಕೊಟ್ಟೆ. "ಇವತ್ತಿನಿಂದ ಇದು ನಿನ್ನ ಹತ್ತಿರವೇ ಇರಲಿ" ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ನಾಚಿಕೆ ಸ್ವಭಾವ ಅಂದುಕೊಂಡೆ.

ಮಕ್ಕಳು ನನಗಿಂತ ಜಾಣರು, ತಕ್ಷಣ ಅರ್ಥ ಮಾಡಿಕೊಂಡರು. ಮರುದಿನದಿಂದ ಜಗಳವೇ ಇಲ್ಲ. ಹೊಸ್ತಿಲಲ್ಲಿ ಕಾಲು ಕೊಡವುವಾಗ ಒಬ್ಬ, "ಲೇ, ಇಲ್ಲೂ ಐತಿ, ಗುಡಿಸು" ಎಂದು ಅವಳಿಗೆ ಹೇಳಿದ್ದನ್ನು ನಾನೇ ಕೇಳಿದೆ. ಗದರಿಸಿದೆ. ಆದರೆ ಕಸಬರಿಗೆಯನ್ನು ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. ಕೋಣೆ ಚೊಕ್ಕಟವಾಗಿತ್ತು, ನನಗೂ ಅದು ಬೇಕಾಗಿತ್ತು. ಮೊದಲ ಗಂಟೆಯ ಲೆಕ್ಕ ನಡೆಯುವಾಗ ಅವಳು ಹೊರಗೆ ಬುಟ್ಟಿ ಚೆಲ್ಲಲು ಹೋಗಿರುತ್ತಿದ್ದಳು. ಬಂದವಳು ಹಲಗೆ ಎತ್ತುತ್ತಿರಲಿಲ್ಲ.

ಹದಿನೈದು ದಿನವಾಗಿರಬೇಕು. ಒಂದು ಬೆಳಿಗ್ಗೆ ಅವಳ ತಂದೆ ನಮ್ಮ ಕಟ್ಟೆಯ ಕೆಳಗೆ ನಿಂತಿದ್ದ. ಬೀಗದ ಕೈಯನ್ನು ಕಟ್ಟೆಯ ಅಂಚಿಗಿಟ್ಟ.

"ಆಕಿ ಬರಲ್ರಿ ಇನ್ನ."

"ಯಾಕಪ್ಪ? ಒಳ್ಳೆ ಹುಡುಗಿ. ನಾನು ಅವಳಿಗೆ ಜವಾಬ್ದಾರಿ ಕೊಟ್ಟಿದ್ದೆ."

ಅವನು ದನಿ ಏರಿಸಲಿಲ್ಲ. "ಗುಡಿಸೋದಽ ಆದ್ರ ಸಾವಕಾರ್ರ ಮನಿಯಾಗ ಒಂದು ಹೊತ್ತಿನ ಊಟನಾದ್ರೂ ಕೊಡ್ತಾರ್ರಿ" ಎಂದ. ನಮಸ್ಕಾರ ಮಾಡಿಯೇ ಹೋದ.

ಅವತ್ತೇ ಅವರ ಮನೆಗೆ ಹೋಗಬೇಕಿತ್ತು. ತಪ್ಪಾಯಿತು, ಕಳಿಸಪ್ಪ, ಗೋಡೆ ಕಡೆ ಮೊದಲ ಸಾಲಿನಲ್ಲಿ ಕೂರಿಸುತ್ತೇನೆ ಎನ್ನಬೇಕಿತ್ತು. ಸಂಜೆ ಹೊರಟೆ ಕೂಡ. ಕೇರಿ ಶುರುವಾಗುವ ಬೇವಿನ ಮರದವರೆಗೆ ಹೋಗಿ ನಿಂತೆ. ಯಜಮಾನಿಗೆ ಗೊತ್ತಾದರೆ ನಾಳೆಯೇ ಮನೆ ಬಿಡಿಸುತ್ತಾಳೆ, ಸಿರುಗುಪ್ಪದಲ್ಲಿ ಬೇರೆ ಮನೆ ಎಲ್ಲಿ ಹುಡುಕಲಿ ಎಂದುಕೊಂಡೆ. ಖಾದಿ ಜುಬ್ಬದ ಸಮೇತ ಹಿಂದಿರುಗಿ ಬಂದು, ಯಜಮಾನಿ ಕೊಟ್ಟ ಮಜ್ಜಿಗೆ ಕುಡಿದೆ.

ಮಾರನೆಯ ದಿನದಿಂದ ಕಸಬರಿಗೆಯನ್ನು ನಾನೇ ಹಿಡಿದೆ. ನಾನು ಗುಡಿಸುವುದನ್ನು ನೋಡಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದರು. ಹೊರಗೇ ಕಾಲು ತೊಳೆಯಲು ನೀರಿಟ್ಟರು, ಸರದಿ ಮಾಡಿಕೊಂಡರು. ಅಷ್ಟೇ ಬೇಕಾಗಿದ್ದದ್ದು. ಮುಂದೆ ಕುರುಗೋಡಿಗೆ, ಬಳ್ಳಾರಿಗೆ, ಎಲ್ಲಿಗೆ ವರ್ಗವಾದರೂ ಮೊದಲ ದಿನ ನಾನೇ ಗುಡಿಸಿ, ಕೂರುವ ಜಾಗವನ್ನು ವಾರಕ್ಕೊಮ್ಮೆ ಬದಲಿಸಿದೆ. ಒಳ್ಳೆಯ ಮೇಷ್ಟ್ರೆಂದು ಹೆಸರೂ ಬಂತು. ಆ ಹೆಸರಿನ ಬೆಲೆ ತೆತ್ತವಳು ಬೇರೆ.

ಕುರುಗೋಡಿಗೆ ವರ್ಗವಾಗುವ ಮುಂಚೆ ಅವಳನ್ನು ಒಮ್ಮೆ ಕಂಡೆ. ಸಾಹುಕಾರರ ಮನೆಯ ಮುಂದೆ, ಅವಳಷ್ಟೇ ಎತ್ತರದ ಕಸಬರಿಗೆ ಹಿಡಿದು ಬೀದಿಯವರೆಗೂ ಗುಡಿಸುತ್ತಿದ್ದಳು. ನನ್ನನ್ನು ಕಂಡು ಗುಡಿಸುವುದನ್ನು ನಿಲ್ಲಿಸಿ ಗೋಡೆಗೆ ಒತ್ತಿ ನಿಂತಳು. ಏನಾದರೂ ಕೇಳುತ್ತಾಳೆ, ಬೈಯುತ್ತಾಳೆ ಎಂದು ನಾನೂ ನಿಂತೆ. ಅವಳು ನನ್ನ ಬಿಳಿ ಜುಬ್ಬ ನೋಡಿದಳು.

"ಧೂಳು ಹಾರತೈತ್ರಿ ಅಯ್ಯೋರ, ಲಗೂನ ದಾಟಿಬಿಡ್ರಿ" ಎಂದಳು.

ನಾನು ದಾಟಿಬಿಟ್ಟೆ.