ಮೀನಕ್ಕನ ದವಡೆ ನೋವು

ಮೀನು ಮಾರುಕಟ್ಟೆಯಲ್ಲಿ ಎಲ್ಲರೂ ಅವಳನ್ನು ಮೀನಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕಲ್ಲಿನ ಕಟ್ಟೆ. ಗಿರಾಕಿ ಹಿಂದೆಮುಂದೆ ನೋಡಿದರೆ, "ತಗೊಳ್ಳಿ ಸಾರ್, ಹೃದಯಕ್ಕೆ ಒಳ್ಳೇದು. ನಾನು ದಿನಾ ತಿಂತೀನಿ, ಗುಂಡುಕಲ್ಲಿನ ಹಾಗಿದ್ದೀನಿ ನೋಡಿ," ಎನ್ನುತ್ತಿದ್ದಳು. ದಿನಾ ತಿನ್ನುತ್ತಿದ್ದುದು ನಿಜ. ನಿನ್ನೆ ಕರಿದ ಎಣ್ಣೆಗೇ ಇವತ್ತಿನ ಮೀನೂ ಬೀಳುತ್ತಿತ್ತು.

ಆ ಭಾನುವಾರ ಬೆಳಗ್ಗೆ ಜನ ಮುಗಿಬಿದ್ದಿದ್ದರು. ಮೀನಿನ ಹೊಟ್ಟೆ ಸೀಳುತ್ತಿದ್ದಾಗ ಅವಳ ಎಡದವಡೆ ಜಗ್ಗಿದಂತಾಯಿತು. ಹುಳುಕು ಹಲ್ಲಿರಬೇಕು ಎಂದುಕೊಂಡಳು. ನೋವು ಮೆಲ್ಲಗೆ ತೋಳಿಗೆ ಇಳಿಯಿತು. ಮಂಜುಗಡ್ಡೆಯ ಪಕ್ಕದಲ್ಲೇ ಕೂತಿದ್ದರೂ ಕೊರಳಲ್ಲಿ ಬೆವರು ಹರಿಯುತ್ತಿತ್ತು.

ಸಾಲಿನಲ್ಲಿ ನಿಂತಿದ್ದ ನರ್ಸಮ್ಮ ಅದನ್ನು ಗಮನಿಸಿದರು. ಕೆಲಸದಿಂದ ನಿವೃತ್ತರಾದವರು, ಚೌಕಾಸಿಗೆ ಹೆಸರಾದವರು.

"ಮೀನಕ್ಕಾ, ಕತ್ತಿ ಕೆಳಗಿಡಮ್ಮ."

"ನಿಮ್ಮ ಸರದಿ ಇನ್ನೂ ಬಂದಿಲ್ಲ. ಚೌಕಾಸಿ ಆಮೇಲೆ."

"ಚೌಕಾಸಿ ಅಲ್ಲ ಕಣೇ. ಎದೆ ಹಿಡ್ಕೊಂಡ ಹಾಗಿದ್ಯಾ?"

"ಹಲ್ಲುನೋವು. ಇನ್ನೆಂಟು ಜನ ಇದ್ದಾರೆ, ಮುಗಿಸ್ಕೊಂಡು..."

ಕತ್ತಿ ಕೈಯಿಂದ ಜಾರಿತು. ನರ್ಸಮ್ಮ ಕಟ್ಟೆಯ ಹಿಂದಕ್ಕೆ ನುಗ್ಗಿ ಅವಳನ್ನು ಗೋಡೆಗೆ ಒರಗಿಸಿದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಆದರೆ ಆ ಓಣಿಗೆ ಗಾಡಿ ಬರುವಂತಿಲ್ಲ, ದೊಡ್ಡ ರಸ್ತೆಗೆ ಇನ್ನೂರು ಹೆಜ್ಜೆ.

"ನಡೆದು ಬರ್ತೀನಿ," ಎಂದು ಮೀನಕ್ಕ ಏಳಹೋದಳು.

"ಒಂದು ಹೆಜ್ಜೆಯೂ ಇಡಬೇಡ!" ನರ್ಸಮ್ಮ ಗದರಿದರು.

ಪಕ್ಕದ ಕಟ್ಟೆಯ ಸಿಗಡಿಯವನು ಜಾಗದ ಜಗಳವಾಡಿ ನಾಲ್ಕು ವರ್ಷದಿಂದ ಅವಳೊಂದಿಗೆ ಮಾತು ಬಿಟ್ಟಿದ್ದ. ಅವನೀಗ ತನ್ನ ತಳ್ಳುಗಾಡಿಯಲ್ಲಿದ್ದ ಸಿಗಡಿಯನ್ನೆಲ್ಲ ನೆಲಕ್ಕೆ ಸುರಿದ. "ಇದ್ರ ಮೇಲೆ ಕೂರಿಸಿ! ದಾರಿ ಬಿಡ್ರಯ್ಯಾ, ದಾರಿ!"

ಗಾಡಿಯ ಚಕ್ರ ಕಲ್ಲುಗಳ ಮೇಲೆ ಕುಣಿಯಿತು. ನರ್ಸಮ್ಮ ನಾಡಿ ಹಿಡಿದುಕೊಂಡೇ ಪಕ್ಕದಲ್ಲಿ ಓಡಿದರು.

"ನನ್ನ ಮಗಳಿಗೆ ಹೇಳಿ..." ಮೀನಕ್ಕನ ತುಟಿ ಬೆಳ್ಳಗಾಗಿತ್ತು.

"ನೀನೇ ಹೇಳ್ತೀಯ. ಕಣ್ಣು ಬಿಟ್ಟಿರು."

ಆಸ್ಪತ್ರೆಯಲ್ಲಿ ಮುಚ್ಚಿಹೋಗಿದ್ದ ರಕ್ತನಾಳವನ್ನು ಬಿಡಿಸಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತಂತೆ. ಮೂರನೆಯ ದಿನ ಡಾಕ್ಟರು ಊಟದ ವಿಚಾರ ಕೇಳಿದರು.

"ಮೀನು ಸಾರ್, ದಿನಾ."

"ಹೇಗೆ ಮಾಡ್ತೀರಿ?"

ಮೀನಕ್ಕ ಕಿಟಕಿಯತ್ತ ತಿರುಗಿದಳು. ಪಕ್ಕದಲ್ಲಿ ನಿಂತಿದ್ದ ಮಗಳೇ ಬಾಯಿಬಿಟ್ಟಳು: "ಒಂದೇ ಎಣ್ಣೇಲಿ ವಾರವಿಡೀ ಕರೀತಾಳೆ. ಎಣ್ಣೆ ಕಪ್ಪಗಾದ್ರೂ ಚೆಲ್ಲಲ್ಲ."

"ಮೀನಿನ ಕೊಬ್ಬು ಒಳ್ಳೇದೇ ಅಮ್ಮ, ಆದ್ರೆ ಆ ಎಣ್ಣೆ ಒಳ್ಳೇದಲ್ಲ. ಅದೊಂದೇ ಕಾರಣ ಅನ್ನಲ್ಲ, ನಿಮಗೆ ಬಿ.ಪಿ.ನೂ ಇದೆ. ಇನ್ಮೇಲೆ ಬೇಯಿಸಿ ತಿನ್ನಿ."

ಮನೆಗೆ ಬಂದ ಮೊದಲ ಮಧ್ಯಾಹ್ನ ಮಗಳು ಹಬೆಯಲ್ಲಿ ಬೇಯಿಸಿದ ತುಂಡೊಂದನ್ನು ತಟ್ಟೆಗಿಟ್ಟಳು. ಮೀನಕ್ಕ ಮುಖ ಕಿವುಚಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟು, ಒಳಗಿನ ಬಡಿತವನ್ನು ಆಲಿಸಿ, ಮುಳ್ಳು ಬಿಡಿಸತೊಡಗಿದಳು.